ಅಪ್‌ಗ್ರೇಡೋ, ಫಾರ್ಮ್ಯಾಟೋ? ಒಂದು ಡಿಟಿಪಿ ಅಂಗಡಿಯ ಆಷಾಢದ ವಾರ

ಮಲೆನಾಡಿನ ಒಂದು ತಾಲೂಕು ಕೇಂದ್ರದ ಡಿಟಿಪಿ ಅಂಗಡಿಯಲ್ಲಿ 2025ರ ಆಷಾಢದಲ್ಲಿ ನಡೆದದ್ದು ಇದು. ಅಂಗಡಿಯವರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಊರು, ಅಂಗಡಿ, ಜನ ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಹಳೆಯ ಕಂಪ್ಯೂಟರಿನ ಮುಂದೆ ಕೂತು "ಇದನ್ನ ಹಾಗೇ ಅಪ್‌ಗ್ರೇಡ್ ಮಾಡೋದಾ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋದಾ" ಎಂದು ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ, ನಾವು ಎಲ್ಲಿ ನಿಂತೆವು, ಎಲ್ಲಿ ತಿರುಗಿದೆವು ಎಂಬುದನ್ನು ಬಿಡದೆ ಹೇಳುತ್ತೇನೆ.

ಅಂಗಡಿ ಮತ್ತು ಕಂಪ್ಯೂಟರ್

ಅಂಗಡಿಗೆ ಇಪ್ಪತ್ತು ವರ್ಷ ದಾಟಿದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಜಾತ್ರೆಯ ಪೋಸ್ಟರ್, ಎಲ್ಲವೂ ಅಲ್ಲಿಂದಲೇ. ಯಜಮಾನರಿಗೆ ಅರವತ್ತು ಹತ್ತಿರ. ಟೈಪ್ ಮಾಡಿ ಪುಟ ಕಟ್ಟುವವರು ಒಬ್ಬ ಅಕ್ಕ. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ. ಕನ್ನಡ ಟೈಪಿಂಗಿನ ಕೆ.ಪಿ. ರಾವ್ ಕೀಲಿಮಣೆ ಅವರ ಬೆರಳಿಗೆ ಎಷ್ಟು ಹೊಂದಿಕೊಂಡಿದೆ ಅಂದರೆ, ಗಿರಾಕಿಯ ಜೊತೆ ಮಾತಾಡುತ್ತಲೇ ಅರ್ಧ ಪುಟ ಹೊಡೆದಿರುತ್ತಾರೆ.

ಕಂಪ್ಯೂಟರ್ 2019ರಲ್ಲಿ ಜೋಡಿಸಿದ್ದು. 8ನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 64 ಬಿಟ್ ವಿಂಡೋಸ್ 10. ಡಿಸ್ಕಿನಲ್ಲಿ ಸಿ, ಡಿ, ಇ ಎಂದು ಮೂರು ಡ್ರೈವ್. ಅಂಗಡಿಯ ಹಿಂದಿನ ಎರಡು ಕಂಪ್ಯೂಟರುಗಳಿಂದ ಬಂದ ಹಳೆಯ ಫೈಲುಗಳೆಲ್ಲ ಡಿ ಮತ್ತು ಇ ಒಳಗೆ. ಪುಟ ಕಟ್ಟಲು ಪೇಜ್‌ಮೇಕರ್ 7, ಚಿತ್ರ ವಿನ್ಯಾಸಕ್ಕೆ ಕೋರೆಲ್‌ಡ್ರಾ, ಕನ್ನಡ ಟೈಪ್ ಮಾಡಲು ನುಡಿ, ಮತ್ತೆ ಎಸ್ಟಿಮೇಟ್ ಹಾಕುವ ಒಂದು ಪುಟ್ಟ ಪ್ರೋಗ್ರಾಂ. ಆ ಪ್ರೋಗ್ರಾಮನ್ನು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ ಬರೆದುಕೊಟ್ಟಿದ್ದ. ಈಗ ಅವನು ಊರಲ್ಲಿಲ್ಲ, ಅದನ್ನು ಇನ್‌ಸ್ಟಾಲ್ ಮಾಡುವ ಫೈಲೂ ಇಲ್ಲ.

ತೊಂದರೆ ಎರಡು. ಒಂದು, ಕಂಪ್ಯೂಟರ್ ತುಂಬಾ ನಿಧಾನ. ಬೆಳಿಗ್ಗೆ ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ನಾನು ಗಡಿಯಾರ ಹಿಡಿದು ನೋಡಿದಾಗ ಐದು ನಿಮಿಷ ದಾಟಿತು. ಇನ್ನೊಂದು, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿತ್ತು. ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತು ಸಲ ಚುಚ್ಚುವ ಕಂಪ್ಯೂಟರ್ ಇದು. ಭದ್ರತೆಯ ಅಪ್‌ಡೇಟ್ ನಿಂತರೆ ಅಪಾಯ ಮನೆಯ ಕಂಪ್ಯೂಟರಿಗಿಂತ ಇದಕ್ಕೆ ಜಾಸ್ತಿ.

ಸಮಯವನ್ನು ಯಜಮಾನರೇ ಆರಿಸಿದರು. ಆಷಾಢದಲ್ಲಿ ಮದುವೆ ಇಲ್ಲ, ಲಗ್ನಪತ್ರಿಕೆ ಇಲ್ಲ. ಶ್ರಾವಣ ಹುಟ್ಟಿದರೆ ತಲೆ ಎತ್ತಲು ಪುರಸೊತ್ತು ಇರುವುದಿಲ್ಲ. ಈ ಒಂದು ವಾರದ ಬಿಡುವು ಇಲ್ಲದಿದ್ದರೆ ಮುಂದಿನ ಎಷ್ಟೋ ನಿರ್ಧಾರಗಳನ್ನು ಅವಸರದಲ್ಲಿ ತೆಗೆದುಕೊಳ್ಳಬೇಕಾಗುತ್ತಿತ್ತು.

ಎರಡು ವಾದ

ಕಂಪ್ಯೂಟರ್ ಸರಿಮಾಡಿಕೊಡಲು ನಾನು ಅಂಗಡಿಗೆ ಹೋದ ಆ ಸೋಮವಾರ, ಅಲ್ಲಿ ಆಗಲೇ ಚರ್ಚೆ ನಡೆದಿತ್ತು. ಯಜಮಾನರ ಸೋದರಳಿಯ ಎಂಜಿನಿಯರಿಂಗ್ ಓದುತ್ತಾನೆ. ಅವನದು ಒಂದೇ ಮಾತು: "ಮಾವ, ಸಿ ಡ್ರೈವ್ ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹನ್ನೊಂದು ಹಾಕಿಬಿಡೋಣ. ಡಿ, ಇ ಹಾಗೇ ಇರುತ್ತೆ. ಎರಡು ಗಂಟೆ ಕೆಲಸ."

ಯಜಮಾನರು ಒಪ್ಪಲಿಲ್ಲ. "ಒಳಗೆ ಏನೇನಿದೆ ಅಂತ ನಂಗೇ ಗೊತ್ತಿಲ್ಲ ಕಣೋ. ಇದ್ದದ್ದು ಇದ್ದ ಹಾಗೇ ಇರಲಿ, ಮೇಲಿಂದ ಹೊಸದು ಬರಲಿ. ಅಪ್‌ಗ್ರೇಡೇ ಮಾಡಿ."

ಇಬ್ಬರ ಮಾತಿನಲ್ಲೂ ಹುರುಳಿತ್ತು. ಅಪ್‌ಗ್ರೇಡ್ ಮಾಡಿದರೆ ಪ್ರೋಗ್ರಾಂ, ಫಾಂಟ್, ಸೆಟ್ಟಿಂಗ್ ಎಲ್ಲ ಉಳಿಯುತ್ತವೆ. ಹಳೆಯ ವಿಂಡೋಸ್ ಕೂಡ "ವಿಂಡೋಸ್ ಡಾಟ್ ಓಲ್ಡ್" ಫೋಲ್ಡರಿನಲ್ಲಿ ಇರುತ್ತದೆ, 10 ದಿನದ ಒಳಗೆ ಬೇಡ ಅನ್ನಿಸಿದರೆ ಹಿಂದಕ್ಕೆ ಹೋಗಬಹುದು. ಆದರೆ ಆರು ವರ್ಷ ಹಾಕಿ ತೆಗೆದ ಡ್ರೈವರುಗಳು (ಪ್ರಿಂಟರಿನಂಥವನ್ನು ವಿಂಡೋಸ್ ನಡೆಸಲು ಬೇಕಾದ ಪ್ರೋಗ್ರಾಮುಗಳು), ಅರ್ಧಂಬರ್ಧ ಅಳಿಸಿದ ಪ್ರೋಗ್ರಾಮುಗಳು ಕೂಡ ಜೊತೆಗೇ ಬರುತ್ತವೆ. ಫಾರ್ಮ್ಯಾಟ್ ಮಾಡಿದರೆ ಕಸವೂ ಹೋಗುತ್ತದೆ, ಯಾರೂ ಎಲ್ಲೂ ಬರೆದಿಡದ ಹದಿನಾಲ್ಕು ವರ್ಷದ ಹೊಂದಾಣಿಕೆಯೂ ಹೋಗುತ್ತದೆ.

ಮೂರನೆಯ ದಾರಿಯೂ ಇತ್ತು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ಅಪ್‌ಡೇಟ್ ಪಡೆಯುವ ಯೋಜನೆಯ ವಿವರ ಆಗಷ್ಟೇ ಹೊರಬಿದ್ದಿತ್ತು. ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ದುಡ್ಡಿಲ್ಲದೆಯೂ ಸಿಗುತ್ತದೆ ಎಂದಿದ್ದರು. ಬೇರೆ ಎಲ್ಲ ಸರಿಯಿದ್ದು ಸಮಯ ಮಾತ್ರ ಇಲ್ಲದವರಿಗೆ ಅದು ಒಳ್ಳೆಯ ದಾರಿ. ಇಲ್ಲಿ ಸಮಯ ಇತ್ತು, ಸರಿಯಿಲ್ಲದ್ದು ಬೇರೆ ಏನೋ ಅನ್ನಿಸುತ್ತಿತ್ತು. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡೆವು.

ಯಾವುದಕ್ಕೂ ಕೈ ಹಾಕುವ ಮೊದಲು ನನಗೆ ಅರ್ಧ ದಿನ ಕೊಡಿ ಎಂದು ಕೇಳಿದೆ. ಒಂದು ನೋಟ್‌ಬುಕ್ ಹಿಡಿದು ಅಕ್ಕನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. "ಅಕ್ಕ, ದಿನಾ ಏನ್ ಮಾಡ್ತೀರೋ ಅದನ್ನೇ ಮಾಡಿ, ನಾನು ನೋಡ್ತೀನಿ" ಎಂದೆ. ಯಾವ ಪ್ರೋಗ್ರಾಂ ತೆರೆದರು, ಯಾವ ಫಾಂಟ್ ಹಿಡಿದರು, ಯಾವ ಪ್ರಿಂಟರಿಗೆ ಯಾವ ಸೆಟ್ಟಿಂಗ್, ಎಲ್ಲ ಬರೆದುಕೊಂಡೆ. ನಾಲ್ಕು ಪುಟ ಆಯಿತು. ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾದ ಸಿಡಿಗಳು ಬೀರುವಿನಲ್ಲಿ ಸಿಕ್ಕವು, ಸೀರಿಯಲ್ ನಂಬರ್ ಕವರಿನ ಹಿಂದೆಯೇ ಇತ್ತು. ಪಟ್ಟಿಯಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ ಎಂದು ಆಗ ನನಗೆ ಗೊತ್ತಾಗಲಿಲ್ಲ. ಅದು ಮುಂದೆ ಬರುತ್ತದೆ.

ಮೊದಲ ತಿರುವು: ಡಿಸ್ಕ್

ಸಂಜೆ ಅಕ್ಕ ಹೊರಟ ಮೇಲೆ ಡಿಸ್ಕಿನ ಆರೋಗ್ಯ ನೋಡಿದೆ. ಹಾರ್ಡ್ ಡಿಸ್ಕ್ ತನ್ನ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ: ಎಷ್ಟು ಜಾಗ ಕೆಟ್ಟು ಬದಲಿ ಜಾಗಕ್ಕೆ ಹೋಯಿತು, ಎಷ್ಟು ಜಾಗ ಓದಲು ಬಾರದೆ ಕಾಯುತ್ತಿದೆ ಎಂದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಂ ಆ ಲೆಕ್ಕವನ್ನು ತೋರಿಸುತ್ತದೆ. ನೀಲಿ ಬಣ್ಣ ಬಂದರೆ ಚೆನ್ನಾಗಿದೆ. ಇಲ್ಲಿ ಹಳದಿ ಬಂತು. ಎರಡೂ ಲೆಕ್ಕ ಸೊನ್ನೆ ಬಿಟ್ಟು ಮೇಲೇರಿದ್ದವು.

ಆ ಹಳದಿ ಗುರುತಿನಿಂದ ಇಡೀ ಪ್ರಶ್ನೆಯೇ ಬದಲಾಯಿತು. ಐದು ನಿಮಿಷದ ನಿಧಾನಕ್ಕೆ ವಿಂಡೋಸ್ ಕಾರಣ ಅಲ್ಲ, ಡಿಸ್ಕ್ ಕಾರಣ. ಓದಲಾಗದ ಜಾಗ ಬಂದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ಅಲ್ಲಿಯವರೆಗೆ ಉಳಿದದ್ದೆಲ್ಲ ಕಾಯುತ್ತದೆ. ಇದರ ಮೇಲೆ ಅಪ್‌ಗ್ರೇಡ್ ಮಾಡಿದರೂ ಅಷ್ಟೇ, ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಹುಡುಗ ಹೇಳಿದ ಹಾಗೆ ಸಿ ಮಾತ್ರ ಫಾರ್ಮ್ಯಾಟ್ ಮಾಡಿದ್ದರೆ, ಅಂಗಡಿಯ ಇಪ್ಪತ್ತು ವರ್ಷದ ಕೆಲಸ ಅದೇ ಸಾಯುತ್ತಿರುವ ಡಿಸ್ಕಿನ ಡಿ ಮತ್ತು ಇ ಒಳಗೇ ಉಳಿದಿರುತ್ತಿತ್ತು. ಜೊತೆಗೆ ಗಂಟೆಗಟ್ಟಲೆ ಬರೆಯುವ ಕೆಲಸ ಆ ಡಿಸ್ಕಿನ ಮೇಲೆ ಬೀಳುತ್ತಿತ್ತು.

ಬೇರೆ ಬ್ಯಾಕಪ್ ಇದೆಯಾ ಎಂದು ಕೇಳಿದೆ. ಒಂದು 32 ಜಿಬಿ ಪೆನ್‌ಡ್ರೈವಿನಲ್ಲಿ ಹಿಂದಿನ ವರ್ಷದ ಲಗ್ನಪತ್ರಿಕೆಗಳಷ್ಟೇ ಇದ್ದವು. ಕಂಪ್ಯೂಟರನ್ನು ಅಲ್ಲೇ ಆಫ್ ಮಾಡಿಸಿದೆ. ಯಜಮಾನರಿಗೆ ಅದು ಇಷ್ಟವಾಗಲಿಲ್ಲ, ಮಾರನೆಯ ದಿನ ಒಂದು ಬಿಲ್ ಬುಕ್ ಕೊಡಬೇಕಿತ್ತು. "ಒಂದ್ ಗಂಟೆ ಬಿಡಿ ಸಾಕು" ಅಂದರು. ನಾನು ಒಪ್ಪಲಿಲ್ಲ. ಆ ಬಿಲ್ ಬುಕ್ಕನ್ನು ಅಕ್ಕ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೂತು ಹೊಸದಾಗಿ ಟೈಪ್ ಮಾಡಿಕೊಟ್ಟರು. ಇಡೀ ವಾರದಲ್ಲಿ ನಾನು ಗಟ್ಟಿಯಾಗಿ ಬೇಡ ಅಂದದ್ದು ಅದೊಂದೇ ಸಲ.

ನಕಲು ತೆಗೆದದ್ದು

ಮಂಗಳವಾರ ಜಿಲ್ಲಾ ಕೇಂದ್ರಕ್ಕೆ ಹೋಗಿ 1 ಟಿಬಿಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್), 4 ಜಿಬಿಯ ಇನ್ನೊಂದು ರ್‍ಯಾಮ್, 2 ಟಿಬಿಯ ಹೊರಗಿನ ಡಿಸ್ಕ್ ತಂದೆವು. ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನೂ ಹಾಕಿಸಿದೆವು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ ಅಲ್ವಾ.

ಕೆಟ್ಟ ಜಾಗ ಇರುವ ಡಿಸ್ಕನ್ನು ಮಾಮೂಲಿ ಕಾಪಿ ಮಾಡುವ ಪ್ರೋಗ್ರಾಮುಗಳಿಂದ ನಕಲು ಮಾಡಲು ಹೋದರೆ, ಎಷ್ಟೋ ಸಲ ಮೊದಲ ಓದಲಾಗದ ಜಾಗದಲ್ಲೇ ನಿಂತುಬಿಡುತ್ತವೆ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿದೆ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲಿನ ಬೆಲೆ ಅವತ್ತೇ ರಾತ್ರಿ ಗೊತ್ತಾಯಿತು. ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಇಪ್ಪತ್ತೈದು ನಿಮಿಷ ತಡೆದು, ಕಂಪ್ಯೂಟರ್ ಆರಿಹೋಗಿತ್ತು. ಬೆಳಿಗ್ಗೆ ಅದೇ ಮ್ಯಾಪ್ ಫೈಲ್ ಕೊಟ್ಟು ಮತ್ತೆ ಶುರು ಮಾಡಿದಾಗ, ನಿಂತ ಜಾಗದಿಂದಲೇ ಮುಂದುವರಿಯಿತು.

ಬುಧವಾರ ಸಂಜೆಗೆ ಮುಗಿಯಿತು. 1 ಟಿಬಿಯಲ್ಲಿ ಸುಮಾರು 3 ಎಂಬಿ ಓದಲು ಆಗಲಿಲ್ಲ. ಈ ಪೂರ್ತಿ ನಕಲು, ಅಂದರೆ ಇಮೇಜ್, ಹೊರಗಿನ ಡಿಸ್ಕಿನಲ್ಲಿ ಉಳಿಯಿತು. ಅದರಿಂದ ಎಸ್‌ಎಸ್‌ಡಿಗೆ ಇನ್ನೊಂದು ಪ್ರತಿ ಬರೆದೆ. ಹಳೆಯ ಡಿಸ್ಕನ್ನು ಬಿಚ್ಚಿ, ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ, ಯಜಮಾನರ ಬೀರುವಿಗೆ ಹಾಕಿದೆವು.

ಇಲ್ಲಿಂದ ಮುಂದೆ ಕೆಲಸದ ಗುಣವೇ ಬದಲಾಯಿತು. ಅಲ್ಲಿಯವರೆಗೆ ಒಂದು ತಪ್ಪು ಗುಂಡಿ ಒತ್ತಿದರೆ ಇಪ್ಪತ್ತು ವರ್ಷದ ಕೆಲಸ ಹೋಗುವ ಭಯ ಇತ್ತು. ಈಗ ಎಸ್‌ಎಸ್‌ಡಿಯಲ್ಲಿ ಏನೇ ಎಡವಟ್ಟಾದರೂ ಇಮೇಜಿನಿಂದ ಮತ್ತೆ ಬರೆದುಕೊಳ್ಳಬಹುದು. ಅಪ್‌ಗ್ರೇಡೋ ಫಾರ್ಮ್ಯಾಟೋ ಎಂಬ ಪ್ರಶ್ನೆಯ ಅರ್ಧ ಭಾರ ಇಳಿಯಿತು. ಎರಡನ್ನೂ ಪ್ರಯತ್ನಿಸಿ ನೋಡಬಹುದಾದ ಸ್ಥಿತಿಗೆ ಬಂದಿದ್ದೆವು.

ಗುರುವಾರ ಬೆಳಿಗ್ಗೆ ಎಸ್‌ಎಸ್‌ಡಿಯಿಂದ ಅದೇ ಹಳೆಯ ವಿಂಡೋಸ್ 10 ನಲವತ್ತು ಸೆಕೆಂಡಿನಲ್ಲಿ ಬಂತು. ಅಕ್ಕನ ಫಾಂಟು, ಫೈಲು, ಐಕಾನು, ಎಲ್ಲ ಇದ್ದ ಜಾಗದಲ್ಲೇ. ಯಜಮಾನರು "ಇಷ್ಟೇ ಸಾಕು ಬಿಡಿ" ಅಂದರು. ನಿಜ ಹೇಳಬೇಕು ಅಂದರೆ, ಮುಂದೆ ನಾವು ಮಾಡಿದ ಯಾವ ಕೆಲಸವೂ ಇಷ್ಟು ವೇಗ ತಂದುಕೊಡಲಿಲ್ಲ. "ನಿಧಾನ ಆಗಿದೆ, ಫಾರ್ಮ್ಯಾಟ್ ಮಾಡಿ" ಎಂದು ಕಂಪ್ಯೂಟರ್ ತರುವವರಿಗೆ ನಾನು ಈ ಭಾಗವನ್ನು ಮೊದಲು ಹೇಳುತ್ತೇನೆ.

ಅಪ್‌ಗ್ರೇಡ್: ಎರಡು ಸಲ

ಅಕ್ಟೋಬರದ ಗಡುವು ಹಾಗೇ ಇತ್ತಲ್ಲ. ಯಜಮಾನರ ಇಷ್ಟದಂತೆ ಮೊದಲು ಅಪ್‌ಗ್ರೇಡ್ ಎಂದು ತೀರ್ಮಾನಿಸಿದೆವು. ಆದರೆ ಶುರು ಮಾಡುವ ಮೊದಲು ಒಂದು ಮಾತು ಬರೆದಿಟ್ಟೆವು: ಎರಡು ಸಲ ಪ್ರಯತ್ನ, ಶುಕ್ರವಾರ ಸಂಜೆಯವರೆಗೆ. ಅಷ್ಟರಲ್ಲಿ ಆಗದಿದ್ದರೆ ಹೊಸದಾಗಿ ಹಾಕುವುದು. ನೋಟ್‌ಬುಕ್ಕಿನಲ್ಲಿ ಯಜಮಾನರೇ ತಮ್ಮ ಕೈಯಲ್ಲಿ ಬರೆದರು.

ವಿಂಡೋಸ್ 11ಕ್ಕೆ ಈ ಕಂಪ್ಯೂಟರ್ ಆಗುತ್ತದೆಯೇ ಎಂದು ನೋಡುವ ಪ್ರೋಗ್ರಾಂ "ಆಗಲ್ಲ" ಎಂದಿತು. 8ನೇ ತಲೆಮಾರಿನ ಪ್ರೊಸೆಸರ್ ಪಟ್ಟಿಯಲ್ಲಿದೆ, ಮತ್ತೆ ಯಾಕೆ ಇಲ್ಲ? ಕಾರಣ ಎರಡು. ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. ಅದು ಮದರ್‌ಬೋರ್ಡಿನಲ್ಲೇ ಇತ್ತು, ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಬರುವ ಮದರ್‌ಬೋರ್ಡಿನ ಸೆಟ್ಟಿಂಗುಗಳಲ್ಲಿ, ಪಿಟಿಟಿ ಎಂಬ ಹೆಸರಿನಲ್ಲಿ ಆಫ್ ಆಗಿತ್ತು. ಮತ್ತೆ, ಶುರುವಾಗುವಾಗ ಕಳ್ಳ ಪ್ರೋಗ್ರಾಂ ನುಸುಳದಂತೆ ನೋಡುವ ಸೆಕ್ಯೂರ್ ಬೂಟ್‌ಗೆ ಯುಇಎಫ್‌ಐ ಎಂಬ ಹೊಸ ರೀತಿಯ ಬೂಟ್ ಬೇಕು, ಅದಕ್ಕೆ ಡಿಸ್ಕಿನ ಭಾಗಗಳು ಜಿಪಿಟಿ ಎಂಬ ಹೊಸ ಕ್ರಮದಲ್ಲಿರಬೇಕು. 2019ರಲ್ಲಿ ಇದನ್ನು ಹಳೆಯ ಎಂಬಿಆರ್ ಕ್ರಮದಲ್ಲಿ ಜೋಡಿಸಿದ್ದರು. "ಆಗಲ್ಲ" ಅಂತ ಬಂತು ಎಂದು ಎಷ್ಟೋ ಒಳ್ಳೆಯ ಕಂಪ್ಯೂಟರುಗಳನ್ನು ಜನ ಮೂಲೆಗೆ ಹಾಕುತ್ತಾರೆ. ಬಯಾಸ್ ಒಮ್ಮೆ ತೆರೆದು ನೋಡಿ.

ಎಂಬಿಆರ್ ಡಿಸ್ಕನ್ನು ಡೇಟಾ ಉಳಿಸಿಕೊಂಡೇ ಜಿಪಿಟಿ ಮಾಡುವ ಸಾಧನ ವಿಂಡೋಸ್ ಒಳಗೇ ಇದೆ, ಎಂಬಿಆರ್‌ಟುಜಿಪಿಟಿ. ಬದಲಿಸುವ ಮೊದಲು ಅದು ಪರೀಕ್ಷೆ ಮಾಡುತ್ತದೆ. ನಮ್ಮದು ಪರೀಕ್ಷೆಯಲ್ಲೇ ಬಿದ್ದಿತು. ಆ ಸಾಧನಕ್ಕೆ ಡಿಸ್ಕಿನಲ್ಲಿ ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಷನ್ (ಮುಖ್ಯ ಭಾಗ) ಇರಬಹುದು, ಒಳಗೆ ಮತ್ತೆ ಭಾಗಗಳಿರುವ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ವಿಂಡೋಸ್ ತನಗಾಗಿ ಇಟ್ಟುಕೊಂಡ ಚಿಕ್ಕ ಭಾಗ ಒಂದು, ಸಿ ಎರಡು, ಡಿ ಮೂರು. ಇ ಡ್ರೈವ್ ಎಕ್ಸ್‌ಟೆಂಡೆಡ್ ಒಳಗೆ ಕೂತಿತ್ತು. ಇ ಡ್ರೈವಿನ ಫೈಲುಗಳನ್ನೆಲ್ಲ ಡಿ ಒಳಗೆ ಒಂದು ಫೋಲ್ಡರಿಗೆ ಸರಿಸಿ, ಆ ಪಾರ್ಟಿಷನ್ ಅಳಿಸಿದೆ. ಇಮೇಜ್ ಇಲ್ಲದಿದ್ದರೆ ಅಳಿಸುವ ಗುಂಡಿ ಒತ್ತಲು ನನಗೆ ಧೈರ್ಯ ಬರುತ್ತಿರಲಿಲ್ಲ. ಎರಡನೆಯ ಸಲ ಪರೀಕ್ಷೆ ಪಾಸಾಯಿತು, ಡಿಸ್ಕ್ ಜಿಪಿಟಿ ಆಯಿತು, ಬಯಾಸ್‌ನಲ್ಲಿ ಯುಇಎಫ್‌ಐ, ಪಿಟಿಟಿ, ಸೆಕ್ಯೂರ್ ಬೂಟ್ ಮೂರೂ ಆನ್ ಆದವು. "ಆಗುತ್ತದೆ" ಎಂಬ ಹಸಿರು ಗುರುತು ಬಂತು.

ಗುರುವಾರ ಸಂಜೆ ಮೊದಲ ಅಪ್‌ಗ್ರೇಡ್. ಎರಡು ಸಲ ರೀಸ್ಟಾರ್ಟ್ ಆಗಿ, ಶೇಕಡಾವಾರು ಅಂಕೆ ಏರಿ, ಆಮೇಲೆ ಪರದೆ ಕಪ್ಪಾಗಿ ಹಳೆಯ ವಿಂಡೋಸ್ 10 ವಾಪಸ್ ಬಂತು. 1900101 ಎಂದು ಕೊನೆಯಾಗುವ ಎರರ್ ಕೋಡ್. ಸಾಮಾನ್ಯವಾಗಿ ಡ್ರೈವರ್ ಜಗಳಕ್ಕೆ ಬರುವ ಕೋಡ್ ಅದು. ಸೆಟಪ್‌ಡಯಾಗ್ ಎಂಬ ಸಾಧನದಿಂದ ಲಾಗ್ ಓದಿಸಿದರೆ ಹಳೆಯ ಪ್ರಿಂಟರಿನ ಡ್ರೈವರ್ ಕಡೆ ಬೆರಳು ತೋರಿಸಿತು. ಆ ಪ್ರಿಂಟರ್ ಗುಜರಿಗೆ ಹೋಗಿ ಮೂರು ವರ್ಷ ಆಗಿತ್ತು, ಡ್ರೈವರ್ ಮಾತ್ರ ಒಳಗೇ ಇತ್ತು.

ಶುಕ್ರವಾರ ಬೆಳಿಗ್ಗೆ ಆ ಡ್ರೈವರ್ ಕಿತ್ತೆ. ಯುಎಸ್‌ಬಿಗೆ ಚುಚ್ಚಿದ್ದನ್ನೆಲ್ಲ ತೆಗೆದು ಕೀಬೋರ್ಡ್, ಮೌಸ್ ಮಾತ್ರ ಬಿಟ್ಟೆ. ವಿಂಡೋಸ್ ಫೈಲುಗಳು ಸರಿಯಿವೆಯೇ ಎಂದು ಎಸ್‌ಎಫ್‌ಸಿ ಓಡಿಸಿದಾಗ, ಕೆಲವು ಕೆಟ್ಟಿವೆ, ರಿಪೇರಿ ಆಗುತ್ತಿಲ್ಲ ಎಂದಿತು. ಓದಲಾಗದ 3 ಎಂಬಿಯಲ್ಲಿ ವಿಂಡೋಸಿನ ಪಾಲೂ ಇತ್ತು ಎಂದು ಹೊಳೆದದ್ದು ಆಗ. ಡಿಸಮ್ ಎಂಬ ರಿಪೇರಿ ಸಾಧನ ಓಡಿಸಿ ಒಂದಷ್ಟು ಸರಿ ಮಾಡಿದೆ. ಮಧ್ಯಾಹ್ನ ಎರಡನೆಯ ಅಪ್‌ಗ್ರೇಡ್. ಮತ್ತೆ ವಾಪಸ್.

ಸಂಜೆ ಮಳೆ ಜೋರಾಗಿತ್ತು. ಅಂಗಡಿಯಲ್ಲಿ ನಾವು ನಾಲ್ಕು ಜನ. ಯಜಮಾನರು "ಇನ್ನೊಂದೇ ಒಂದ್ಸಲ ನೋಡಿ" ಎಂದರು. ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು. ಎರಡು ದಿನ ಹಾಕಿದ ಮೇಲೆ ಮೂರನೆಯ ದಿನಕ್ಕೆ ಕಾರಣ ತಾನಾಗಿ ಹುಟ್ಟುತ್ತದೆ. ಅಕ್ಕ ಮಾತಾಡದೆ ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದರು. ಯಜಮಾನರು ತಮ್ಮದೇ ಅಕ್ಷರ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಹಾಗಾದ್ರೆ, ನಾಳೆ ಹೊಸದಾಗೇ ಹಾಕಿ" ಎಂದರು.

ಹೊಸದಾಗಿ ಹಾಕಿದ ಮೇಲೆ

ವಿಂಡೋಸ್ 11 ಹಾಕುವುದು ಶನಿವಾರ ಬೆಳಿಗ್ಗೆ ಒಂದು ಗಂಟೆಯೊಳಗೆ ಮುಗಿಯಿತು. ಪ್ರಾಡಕ್ಟ್ ಕೀ ಕೇಳಿದಾಗ "ಇಲ್ಲ" ಎಂದು ಒತ್ತಿ, ಮೊದಲಿದ್ದ ಅದೇ ಎಡಿಷನ್ ಆರಿಸಿದೆವು. ಮದರ್‌ಬೋರ್ಡ್ ಬದಲಾಗದ ಕಾರಣ ಲೈಸೆನ್ಸ್ ಇಂಟರ್‌ನೆಟ್ ಸಿಕ್ಕಿದ ಕೂಡಲೇ ತಾನಾಗಿ ಬಂತು. ಎಡಿಷನ್ ಬೇರೆ ಆರಿಸಿದರೆ ಹೀಗೆ ಆಗುವುದಿಲ್ಲ, ಗಮನ ಇರಲಿ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಬೇಕಾದ ಹಾರ್ಡ್‌ವೇರ್ ಇರುವ ಕಂಪ್ಯೂಟರಿನಲ್ಲಿ ಡಿಸ್ಕಿನ ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದಲು ಬಾರದಂತೆ ಹಾಕುವ ಬೀಗ, ತಾನಾಗಿ ಆನ್ ಆಗುತ್ತದೆ. ಅಪ್‌ಗ್ರೇಡ್ ಮಾಡಿದರೆ ಹಾಗೆ ಆಗುವುದಿಲ್ಲ. ಕಂಪ್ಯೂಟರ್ ಕಳ್ಳತನ ಆದರೆ ಆ ಬೀಗ ಇರುವುದು ಒಳ್ಳೆಯದೇ. ಆದರೆ ನಾಳೆ ಮದರ್‌ಬೋರ್ಡ್ ಸುಟ್ಟರೆ, 48 ಅಂಕೆಯ ರಿಕವರಿ ಕೀ ಇಲ್ಲದೆ ಡಿಸ್ಕಿನಿಂದ ಏನೂ ತೆಗೆಯಲು ಬರುವುದಿಲ್ಲ. ಆ ಅಂಕೆಯನ್ನು ಪ್ರಿಂಟ್ ತೆಗೆದು, ಅಂಗಡಿಯ ಲೈಸೆನ್ಸ್ ಪತ್ರಗಳ ಫೈಲಿನಲ್ಲಿ ಇಟ್ಟೆವು.

ಸಮಯ ತಿಂದದ್ದು ಕನ್ನಡ. ಪೇಜ್‌ಮೇಕರ್ ಹಾಕಿ ಒಂದು ಹಳೆಯ ಲಗ್ನಪತ್ರಿಕೆ ತೆರೆದೆ. ಕನ್ನಡ ಕಾಣಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಗೀಟು ಹೊತ್ತ ಎ, ನ ಇರಬೇಕಾದ ಕಡೆಯೆಲ್ಲ ಪೌಂಡ್ ಗುರುತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳು ಯೂನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಕ್ರಮ) ಮುಂಚಿನ ಕ್ರಮದವು. ಫೈಲಿನೊಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಹೋದರೆ ಕನ್ನಡವೇ ಹೋದ ಹಾಗೆ. ನುಡಿ ಮತ್ತೆ ಹಾಕಿದರೂ ಎಲ್ಲ ಫೈಲು ಸರಿಯಾಗಲಿಲ್ಲ, ಎಲ್ಲೆಲ್ಲಿಂದಲೋ ಬಂದು ಸೇರಿದ್ದ ಬೇರೆ ಫಾಂಟುಗಳೂ ಬೇಕಿದ್ದವು. ಇಮೇಜನ್ನು ಓದಲು ಮಾತ್ರ ಬರುವಂತೆ ತೆರೆದು, ಹಳೆಯ ಫಾಂಟ್ಸ್ ಫೋಲ್ಡರನ್ನು ಪೂರ್ತಿ ಹೊರಗೆ ತೆಗೆದು, ಇಲ್ಲದವನ್ನು ಹಾಕಿದೆ. ಅಕ್ಷರಗಳು ವಾಪಸ್ ಬಂದವು.

ಇನ್ನೊಂದು ಸೂಕ್ಷ್ಮ. ಯೂನಿಕೋಡಿನಲ್ಲಿದ್ದ ಕೆಲವು ವರ್ಡ್ ಫೈಲುಗಳಲ್ಲಿ ಅಕ್ಷರ ಸರಿಯಿದ್ದರೂ ಸಾಲುಗಳು ಒಡೆದು, ಎರಡು ಪುಟದ ವರದಿ ಮೂರು ಪುಟ ಆಗಿತ್ತು. ಅವು ತುಂಗಾ ಫಾಂಟಿನಲ್ಲಿ ಮಾಡಿದ್ದು. ವಿಂಡೋಸ್ 10ರಿಂದ ಈಚೆಗೆ ತುಂಗಾ ಮೊದಲೇ ಇರುವುದಿಲ್ಲ, ನಿರ್ಮಲಾ ಯುಐ ಮಾತ್ರ ಇರುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ಬರುತ್ತದೆ. ಐದು ನಿಮಿಷದ ಕೆಲಸ, ಗೊತ್ತಿಲ್ಲದಿದ್ದರೆ ಐದು ದಿನದ ತಲೆನೋವು.

ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವಂತೆ ಮಾಡಿದ ಮೇಲೆ ತಂಟೆ ಮಾಡಲಿಲ್ಲ. ಎಸ್ಟಿಮೇಟ್ ಪ್ರೋಗ್ರಾಂ ಹಟ ಮಾಡಿತು. ಫೋಲ್ಡರ್ ತಂದು ಹಾಕಿದರೂ, ತನಗೆ ಬೇಕಾದ ಓಸಿಎಕ್ಸ್ ಎಂಬ ಬಗೆಯ ಒಂದು ಸಹಾಯಕ ಫೈಲ್ ಇಲ್ಲ ಎನ್ನುತ್ತಿತ್ತು. ಇಮೇಜಿನ ಒಳಗಿನ ಹಳೆಯ ಸಿಸ್‌ವಾವ್64 ಫೋಲ್ಡರಿನಿಂದ ಅದನ್ನು ಹುಡುಕಿ ತಂದು ರಿಜಿಸ್ಟರ್ ಮಾಡಿದ ಮೇಲೆ ತೆರೆಯಿತು. ಇಮೇಜ್ ಇಲ್ಲದಿದ್ದರೆ ಆ ಪ್ರೋಗ್ರಾಂ ಅಲ್ಲಿಗೆ ಮುಗಿಯುತ್ತಿತ್ತು.

ಸೋಮವಾರ ಬೆಳಿಗ್ಗೆ

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಬಂದು ಕೂತು, ಕಂಪ್ಯೂಟರ್ ಆನ್ ಮಾಡಿ, ಪರದೆ ನೋಡುತ್ತಲೇ ಇದ್ದರು. ಏನೂ ಮಾಡಲಿಲ್ಲ.

"ಏನಕ್ಕಾ?"

"ಹಳದಿ ಚೀಟಿಗಳೆಲ್ಲಾ ಎಲ್ಲಿ ಹೋದ್ವು?"

ಸ್ಟಿಕಿ ನೋಟ್ಸ್. ಡೆಸ್ಕ್‌ಟಾಪಿನ ಮೇಲೆ ಅಂಟಿಸುವ ಹಳದಿ ಚೀಟಿಗಳು. ಯಾರು ಅಡ್ವಾನ್ಸ್ ಕೊಟ್ಟಿದ್ದಾರೆ, ಯಾರ ಬಾಕಿ ಎಷ್ಟು, ಯಾವ ಮನೆಯ ಪತ್ರಿಕೆಯಲ್ಲಿ ಯಾರ ಹೆಸರು ಬಿಡಬಾರದು, ಎಲ್ಲ ಅದರಲ್ಲಿತ್ತು. ಸುಮಾರು ಎಪ್ಪತ್ತು ಚೀಟಿ. ನಾನು ಅರ್ಧ ದಿನ ಪಕ್ಕದಲ್ಲಿ ಕೂತು ನೋಡಿದ್ದರೂ, ಅವತ್ತು ಪೇಜ್‌ಮೇಕರ್ ಪರದೆ ತುಂಬಿದ್ದರಿಂದ ಚೀಟಿಗಳು ಹಿಂದೆ ಮುಚ್ಚಿಹೋಗಿದ್ದವು. ನಾನು ಕೇಳಲಿಲ್ಲ. ಅವರಿಗೂ ಅದು ಕಂಪ್ಯೂಟರಿನ ವಿಷಯ ಅನ್ನಿಸಿರಲಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರಿನಷ್ಟೇ ಸಹಜವಾಗಿತ್ತು.

ಆ ಚೀಟಿಗಳು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ಒಳಗೆ ಪ್ಲಮ್ ಎಂಬ ಹೆಸರಿನ ಒಂದೇ ಡೇಟಾಬೇಸ್ ಫೈಲಿನಲ್ಲಿ ಇರುತ್ತವೆ. ಇಮೇಜಿನಿಂದ ಅದನ್ನು ತೆಗೆದು ಹೊಸ ವಿಂಡೋಸಿನ ಅದೇ ಜಾಗದಲ್ಲಿ ಇಟ್ಟೆ. ಪಕ್ಕದಲ್ಲಿದ್ದ ಅದೇ ಹೆಸರಿನ ಎರಡು ಸಣ್ಣ ಫೈಲುಗಳನ್ನೂ ಜೊತೆಗೇ ತಂದೆ, ಹೊಸದಾಗಿ ಬರೆದದ್ದು ಅವುಗಳಲ್ಲಿ ಇರಬಹುದು. ಸ್ಟಿಕಿ ನೋಟ್ಸ್ ತೆರೆದಾಗ ಚೀಟಿಗಳು ಒಂದೊಂದಾಗಿ ಬಂದವು. "ಬಾಕಿ 1,200, ಗೌಡ್ರ ಮನೆ" ಎಂಬ ಚೀಟಿ ಎಲ್ಲಕ್ಕಿಂತ ಮೇಲಿತ್ತು. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಯಜಮಾನರು ಮೊದಲ ದಿನ ಹೇಳಿದ "ಒಳಗೆ ಏನೇನಿದೆ ಅಂತ ನಂಗೇ ಗೊತ್ತಿಲ್ಲ" ಎಂಬ ಮಾತು ಎಷ್ಟು ಸರಿ ಅಂತ ನನಗೆ ಅರ್ಥವಾದದ್ದು ಆವತ್ತು. ಹೊಸದಾಗಿ ಹಾಕಿ ಎಂದ ಹುಡುಗನ ಉತ್ತರವೂ ಕೊನೆಗೆ ಸರಿಯಾಯಿತು. ಆದರೆ ಸೋಮವಾರವೇ ಅವನ ದಾರಿ ಹಿಡಿದಿದ್ದರೆ ಚೀಟಿಗಳು ಮಾತ್ರವಲ್ಲ, ಬಹುಶಃ ಡಿ ಮತ್ತು ಇ ಕೂಡ ಇರುತ್ತಿರಲಿಲ್ಲ.

ಈಗ ನಾನು ಮಾಡುವುದು

ಡಿಸ್ಕ್ ಚೆನ್ನಾಗಿದ್ದು, ಎಸ್‌ಎಫ್‌ಸಿ ತಕರಾರು ಹೇಳದೆ ಇದ್ದು, ಕಂಪ್ಯೂಟರಿನಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಲಾಗದ ಪ್ರೋಗ್ರಾಂ ಇದ್ದರೆ ನಾನು ಈಗಲೂ ಅಪ್‌ಗ್ರೇಡ್ ಕಡೆಗೇ ಒಲಿಯುತ್ತೇನೆ. ವಿಂಡೋಸ್ ಫೈಲುಗಳೇ ಕೆಟ್ಟಿದ್ದರೆ, ವೈರಸ್ ಹೊಕ್ಕಿದ್ದರೆ, ಅಥವಾ ಹಳೆಯದು 32 ಬಿಟ್ ಆಗಿದ್ದರೆ ಹೊಸದಾಗಿ ಹಾಕುತ್ತೇನೆ. 32 ಬಿಟ್‌ನಿಂದ 64ಕ್ಕೆ ಅಪ್‌ಗ್ರೇಡ್ ದಾರಿಯೇ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಯಾವುದೇ ಆದರೂ ಮೊದಲು ಡಿಸ್ಕಿನ ಆರೋಗ್ಯ, ಆಮೇಲೆ ಪೂರ್ತಿ ಇಮೇಜ್. ಫೈಲುಗಳನ್ನು ಮಾತ್ರ ಕಾಪಿ ಮಾಡಿಕೊಂಡರೆ ಸಾಲದು. ಓಸಿಎಕ್ಸ್ ಫೈಲೂ, ಹಳದಿ ಚೀಟಿಯೂ ಯಾರೂ ಕಾಪಿ ಮಾಡುವ ಜಾಗದಲ್ಲಿ ಇರುವುದಿಲ್ಲ.

ಕೂತು ನೋಡುವ ಅರ್ಧ ದಿನದಲ್ಲಿ ಈಗ ಒಂದು ಕೆಲಸ ಸೇರಿದೆ. ಎಲ್ಲ ಕಿಟಕಿಗಳನ್ನೂ ಕೆಳಗಿಳಿಸಿ, ಖಾಲಿ ಡೆಸ್ಕ್‌ಟಾಪಿನ ಮುಂದೆ ಕೂರಿಸಿ, "ಇಲ್ಲಿ ಕಾಣ್ತಿರೋದ್ರಲ್ಲಿ ಯಾವುದು ಇಲ್ಲದಿದ್ರೆ ನಾಳೆ ಕೆಲಸ ನಿಲ್ಲುತ್ತೆ?" ಎಂದು ಕೇಳುತ್ತೇನೆ.

ಅಂಗಡಿಯಲ್ಲಿ ನಷ್ಟ ಆದದ್ದು ಎರಡು ಕೋರೆಲ್‌ಡ್ರಾ ಫೈಲು. ಓದಲಾಗದ ಜಾಗದಲ್ಲಿದ್ದವು, ತೆರೆಯಲಿಲ್ಲ. ಒಂದನ್ನು ಅಕ್ಕ ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿ ಮತ್ತೆ ಕಟ್ಟಿದರು. ವಾರಕ್ಕೊಮ್ಮೆ, ಶನಿವಾರ ಬಾಗಿಲು ಹಾಕುವ ಮುಂಚೆ, ಹೊರಗಿನ ಡಿಸ್ಕಿಗೆ ಬ್ಯಾಕಪ್ ಹೋಗುತ್ತದೆ. ನಾಲ್ಕು ಪುಟದ ಪಟ್ಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದಾರೆ. ದೀಪಾವಳಿಗೆ ಹೋದಾಗ ನೋಡಿದೆ, ಐದನೆಯ ಪುಟ ಶುರುವಾಗಿತ್ತು, ಅಕ್ಕನ ಅಕ್ಷರದಲ್ಲಿ. ಆವತ್ತು ಬೀರುವಿನ ಹಳೆಯ ಡಿಸ್ಕನ್ನು ತೆಗೆದು ಒಮ್ಮೆ ಜೋಡಿಸಿದೆವು. ಟಿಕ್ ಟಿಕ್ ಎಂದು ನಾಲ್ಕು ಸಲ ಸದ್ದು ಮಾಡಿ ನಿಂತಿತು. ಬಯಾಸ್‌ಗೂ ಅದರ ಗುರುತು ಸಿಗಲಿಲ್ಲ.